ಹೊಲದ ನಡುವೆ ನಿಂತ ಟ್ರ್ಯಾಕ್ಟರ್: ಡೀಸೆಲ್ ಎಲ್ಲಿ ತಡೆದಿದೆ ಎಂದು ಹುಡುಕುವುದು

ಅಣ್ಣಿಗೇರಿ ಕಡೆಯ ಎರೆ ಹೊಲದಲ್ಲಿ ಹಿಂಗಾರಿ ಬಿತ್ತನೆಯ ಹದ ಜಾಸ್ತಿ ದಿನ ಇರುವುದಿಲ್ಲ. ಮಳೆ ನಿಂತು, ಮಣ್ಣು ಗಾಲಿಗೆ ಅಂಟುವುದು ಬಿಟ್ಟ ಮೇಲೆ ಕಡಲೆ ಬಿತ್ತಲು ನಾಲ್ಕೈದು ದಿನ ಸಿಕ್ಕರೆ ಪುಣ್ಯ. ಆ ನಾಲ್ಕೈದು ದಿನ ಊರಿಗೆ ಊರೇ ಟ್ರ್ಯಾಕ್ಟರ್ ಕೇಳುತ್ತದೆ. ಅಂಥ ಹೊತ್ತಿನಲ್ಲೇ ಒಂದು ವರ್ಷ ನಮ್ಮ ಟ್ರ್ಯಾಕ್ಟರ್ ಕೈಕೊಟ್ಟಿತು.

ಬೆಳಿಗ್ಗೆ ಒಂದೇ ಸೆಲ್ಫಿಗೆ ಚಾಲೂ ಆಗುತ್ತಿತ್ತು. ಅರ್ಧ ತಾಸು ಚೆನ್ನಾಗಿ ಓಡುತ್ತಿತ್ತು. ಆಮೇಲೆ ದಮ್ಮು ಕಡಿಮೆಯಾಗಿ, ರೇಸ್ ಕೊಟ್ಟರೂ ಏಳದೆ, ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗದಂತೆ ಮತ್ತೆ ಚಾಲೂ. ಬಂದ ಮೆಕ್ಯಾನಿಕ್ ಫಿಲ್ಟರ್ ಬದಲಿಸಿದರು, ಡೀಸೆಲ್ ಪೈಪಿನಲ್ಲಿ ಸೇರಿದ ಏರ್ ತೆಗೆದರು. ಮತ್ತೆ ನಿಂತಿತು. "ಪಂಪ್ ಹೋಗೇತ್ರಿ" ಎಂದು ಪಂಪ್ ಬಿಚ್ಚಿ ಹುಬ್ಬಳ್ಳಿಗೆ ಕಳಿಸಿದರು. ಎರಡು ದಿನ ಹೋಯಿತು, ಸಾವಿರಗಟ್ಟಲೆ ದುಡ್ಡು ಹೋಯಿತು. ಪಂಪ್ ಕೂರಿಸಿ ಹೊಲಕ್ಕೆ ಇಳಿಸಿದರೆ ಅರ್ಧ ತಾಸಿಗೆ ಅದೇ ಕೆಮ್ಮು.

ಬದುವಿನ ಮೇಲೆ ಕೂತಿದ್ದ ನಮ್ಮ ಕಾಕಾ ಎದ್ದು ಬಂದರು. ಇಂಜಿನ್ ಕೆಮ್ಮುತ್ತಿರುವಾಗಲೇ ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುವಿದರು. ಸುಸ್ ಅಂತ ಗಾಳಿ ಒಳಗೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಇಂಜಿನ್ ಮೊದಲಿನ ದನಿಗೆ ಬಂತು. "ಟ್ಯಾಂಕಿಗೂ ಉಸಿರು ಬೇಕಲ್ಲೋ ತಮ್ಮಾ" ಅಂದರು.

ಮುಚ್ಚಳದಲ್ಲಿ ಒಂದು ಸಣ್ಣ ಗಾಳಿತೂತು ಇರುತ್ತದೆ. ಡೀಸೆಲ್ ಖಾಲಿಯಾದಷ್ಟೂ ಅದರ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಹರಗುವಾಗ ಏಳುವ ಎರೆ ಧೂಳು, ಮುಚ್ಚಳಕ್ಕೆ ಮೆತ್ತಿದ ಡೀಸೆಲ್ ಎರಡೂ ಸೇರಿ ಆ ತೂತು ಮುಚ್ಚಿಹೋಗಿತ್ತು. ಗಾಳಿ ಬರದಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆಯುತ್ತದೆ, ಡೀಸೆಲ್ ಕೆಳಗಿಳಿಯುವುದಿಲ್ಲ. ಇಂಜಿನ್ ನಿಂತ ಮೇಲೆ ನಿಧಾನಕ್ಕೆ ಎಲ್ಲಿಂದಲೋ ಗಾಳಿ ಸೇರುತ್ತದೆ, ಮತ್ತೆ ಚಾಲೂ ಆಗುತ್ತದೆ. ಅದಕ್ಕೇ ಆ ಅರ್ಧ ತಾಸಿನ ಲೆಕ್ಕ. ಒಂದು ಸೂಜಿ, ಒಂದು ಬಟ್ಟಲು ಸೀಮೆಎಣ್ಣೆ, ಐದು ನಿಮಿಷದ ಕೆಲಸ.

ನಾನು ಗ್ಯಾರೇಜ್ ಇಟ್ಟವನಲ್ಲ. ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸುವ ರೈತ. ಅವತ್ತಿನಿಂದ ನಾನು ಒಂದು ಪದ್ಧತಿ ಹಿಡಿದಿದ್ದೇನೆ: ಟ್ಯಾಂಕಿನಿಂದ ಶುರು ಮಾಡಿ ಡೀಸೆಲ್ ಹೋಗುವ ದಾರಿಯಲ್ಲೇ ನಾನೂ ಹೋಗುತ್ತೇನೆ. ಡೀಸೆಲ್ಲನ್ನು ಜೋರಾಗಿ ಒತ್ತುವ ಪಂಪ್ ಮತ್ತು ಅದನ್ನು ಸಿಲಿಂಡರಿಗೆ ಸಿಂಪಡಿಸುವ ನೋಜಲ್ ಆ ದಾರಿಯ ಕೊನೆಯಲ್ಲಿವೆ, ದುಬಾರಿಯೂ ಅವೇ. ಅವುಗಳಿಗೆ ಮುಂಚೆ ಇರುವುದೆಲ್ಲ ಅಗ್ಗ. ತೊಂದರೆ ಜಾಸ್ತಿ ಬರುವುದೂ ಆ ಅಗ್ಗದ ಕಡೆಯೇ.

ಆ ದಾರಿ ಹೀಗಿದೆ. ಟ್ಯಾಂಕ್, ಅದರ ಕೆಳಗಿನ ಕಾಕ್ ಮತ್ತು ಜಾಳಿಗೆ, ನೀರು-ಕಸ ಕೂರುವ ಬಟ್ಟಲು, ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದೂಡುವ ಫೀಡ್ ಪಂಪ್, ಎರಡು ಫಿಲ್ಟರ್, ಮುಖ್ಯ ಪಂಪ್, ಅಲ್ಲಿಂದ ಸಣ್ಣ ಉಕ್ಕಿನ ಪೈಪುಗಳು, ಕೊನೆಗೆ ನೋಜಲ್. ಉಳಿದ ಡೀಸೆಲ್ ರಿಟರ್ನ್ ಪೈಪಿನಲ್ಲಿ ವಾಪಸ್ ಬರುತ್ತದೆ. ಕಂಪನಿಯಿಂದ ಕಂಪನಿಗೆ ಜಾಗ ಸ್ವಲ್ಪ ಬದಲಾಗಬಹುದು, ಕ್ರಮ ಇದೇ.

ಪಾನಾ ಹಿಡಿಯುವ ಮುಂಚೆ

ಮೊದಲು ಹೊಗೆ ನೋಡಿ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಸ್ವಲ್ಪವೂ ಹೊಗೆ ಬರದಿದ್ದರೆ ಡೀಸೆಲ್ ಸಿಲಿಂಡರಿಗೆ ಮುಟ್ಟುತ್ತಿಲ್ಲ. ಬಿಳಿ ಹೊಗೆ ಬಂದೂ ಚಾಲೂ ಆಗದಿದ್ದರೆ ಡೀಸೆಲ್ ಮುಟ್ಟುತ್ತಿದೆ, ಹೊತ್ತುತ್ತಿಲ್ಲ. ಆಗ ಬ್ಯಾಟರಿ ಇಳಿದು ಸೆಲ್ಫ್ ನಿಧಾನ ತಿರುಗುತ್ತಿದೆಯಾ, ಡೀಸೆಲ್ಲಿಗೆ ನೀರು ಸೇರಿದೆಯಾ, ಕಂಪ್ರೆಷನ್ ಕಡಿಮೆಯಾಗಿದೆಯಾ ಎಂದು ನೋಡಬೇಕು. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಜೋರಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಬೇಕು. ಇಂಜಿನ್ ನಿಧಾನ ತಿರುಗಿದರೆ ಆ ಬಿಸಿ ಸಾಲುವುದಿಲ್ಲ.

ಲೋಡಿಗೆ ಹಾಕಿದಾಗ ಕಪ್ಪು ಹೊಗೆ ಬಂದು ದಮ್ಮು ಕಡಿಮೆಯಾದರೆ ಮೊದಲು ಏರ್ ಕ್ಲೀನರ್ ತೆಗೆದು ನೋಡಿ. ನಮ್ಮ ಧೂಳಿಗೆ ಅದು ಬೇಗ ಕಟ್ಟುತ್ತದೆ. ಗಾಳಿ ಸಾಲದೆ ಬರುವ ಕಪ್ಪು ಹೊಗೆಗೆ ಪಂಪ್ ಬಿಚ್ಚಿಸಿದವರನ್ನು ನೋಡಿದ್ದೇನೆ. ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಆದರೆ ತಳದಲ್ಲಿ ಕೂತ ಕೆಸರು ತೆಗೆದು, ಗೆರೆಯವರೆಗೆ ಹೊಸ ಎಣ್ಣೆ ಹಾಕಿ. ನೀಲಿ ಹೊಗೆ ಬಂದರೆ ಅದು ಇಂಜಿನ್ ಆಯಿಲ್ ಉರಿಯುವುದು, ಈ ಬರಹದ ವಿಷಯವಲ್ಲ.

ಎರಡನೆಯದು, ಹೇಗೆ ನಿಂತಿತು ಎಂದು ನೆನಪಿಸಿಕೊಳ್ಳಿ. ಓಡುತ್ತಾ ಓಡುತ್ತಾ ದೀಪ ಆರಿದಂತೆ ಒಮ್ಮೆಗೇ ನಿಂತರೆ, ಇಂಜಿನ್ ಬಂದ್ ಮಾಡುವ ಸ್ಟಾಪರ್ ಕೇಬಲ್ ಎಳೆದುಕೊಂಡು ಸಿಕ್ಕಿಬಿದ್ದಿರಬಹುದು. ಕೀಲಿಯಿಂದಲೇ ಬಂದ್ ಆಗುವ ಟ್ರ್ಯಾಕ್ಟರಿನಲ್ಲಿ ಪಂಪಿನ ಮೇಲಿನ ಸೊಲೆನಾಯ್ಡ್‌ಗೆ (ಕರೆಂಟಿನಿಂದ ಡೀಸೆಲ್ ಬಿಡುವ, ತಡೆಯುವ ಸಾಮಾನು) ಕರೆಂಟ್ ತಪ್ಪಿರಬಹುದು. ಕೀಲಿ ಆನ್ ಮಾಡಿದಾಗ ಅಲ್ಲಿ ಟಕ್ ಅನ್ನುವ ಸದ್ದು ಕೇಳಬೇಕು. ಕೇಳದಿದ್ದರೆ ಫ್ಯೂಸ್, ವೈರ್ ನೋಡಿ. ಸುಮ್ಮನೆ ನಿಂತಾಗ ಚೆನ್ನಾಗಿ ಓಡಿ, ನೇಗಿಲು ನೆಲಕ್ಕೆ ಇಳಿಸಿದ ಕೂಡಲೇ ಸೊರಗಿದರೆ ಫಿಲ್ಟರ್ ಕಟ್ಟಿರುವ ಅನುಮಾನ ಜಾಸ್ತಿ. ಕೈ ಮುಟ್ಟದೆಯೇ ಇಂಜಿನ್ ದನಿ ಏರಿ ಇಳಿದು ತೂಗಾಡುತ್ತಿದ್ದರೆ ಏರ್ ಸೇರಿರುವ ಅನುಮಾನ ಜಾಸ್ತಿ.

ಮೂರನೆಯದನ್ನು ಜನ ಮರೆಯುತ್ತಾರೆ. ತೊಂದರೆ ಶುರುವಾಗುವ ಮುಂಚೆ ಕೊನೆಗೆ ಏನು ಕೆಲಸ ಆಗಿತ್ತು? ಫಿಲ್ಟರ್ ಬದಲಿಸಿದ ಮರುದಿನವೇ ತೊಂದರೆ ಬಂದರೆ ಆ ಫಿಲ್ಟರಿನ ಹತ್ತಿರವೇ ಹುಡುಕಿ. ಹೊಸ ಕ್ಯಾನಿನಿಂದ ಡೀಸೆಲ್ ಹಾಕಿದ ಮೇಲೆ ಬಂದರೆ ಡೀಸೆಲ್ಲನ್ನೇ ನೋಡಿ.

ಕ್ಯಾನ್ ಕಟ್ಟಿ ನೋಡುವುದು

ಇಷ್ಟರಲ್ಲಿ ಗೊತ್ತಾಗದಿದ್ದರೆ ನಾನು ಮಾಡುವ ಮೊದಲ ಪರೀಕ್ಷೆ ಇದು. ಹೊಲದಲ್ಲೇ ಆಗುತ್ತದೆ. ಐದು ಲೀಟರಿನ ತೊಳೆದ ಕ್ಯಾನಿಗೆ ಒಳ್ಳೆಯ ಡೀಸೆಲ್ ತುಂಬಿ, ಇಂಜಿನ್ನಿಗಿಂತ ಎತ್ತರಕ್ಕೆ ಭದ್ರವಾಗಿ ಕಟ್ಟಿ. ಬಿಸಿ ಸೈಲೆನ್ಸರಿನಿಂದ ದೂರ ಇರಲಿ. ಫೀಡ್ ಪಂಪಿಗೆ ಬರುವ ಪೈಪ್ ಬಿಚ್ಚಿ, ಕ್ಯಾನಿನಿಂದ ಹೊಸ ಪೈಪ್ ಜೋಡಿಸಿ. ಏರ್ ತೆಗೆದು ಚಾಲೂ ಮಾಡಿ, ಕೆಲಸಕ್ಕೆ ಹಾಕಿ. ರಿಟರ್ನ್ ಡೀಸೆಲ್ ಹಳೆಯ ಟ್ಯಾಂಕಿಗೇ ಹೋಗುವುದರಿಂದ ಕ್ಯಾನ್ ಬೇಗ ಇಳಿಯುತ್ತದೆ, ಕಣ್ಣಿಟ್ಟಿರಿ.

ಟ್ರ್ಯಾಕ್ಟರ್ ಚೆನ್ನಾಗಿ ಎಳೆದರೆ ತೊಂದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯಲ್ಲಿದೆ: ಮುಚ್ಚಳದ ತೂತು, ಟ್ಯಾಂಕಿನ ಕಸ, ಕಾಕ್, ಜಾಳಿಗೆ, ರಬ್ಬರ್ ಪೈಪ್. ಹಾಗೇ ಸೊರಗಿದರೆ ಅಷ್ಟನ್ನೂ ಬಿಟ್ಟು ಮುಂದಕ್ಕೆ ಹೋಗಬಹುದು. ದಾರಿಯನ್ನು ಹೀಗೆ ಎರಡು ತುಂಡು ಮಾಡಿಕೊಂಡರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ. ನಮಗೆ ಆ ವರ್ಷ ಯಾರಾದರೂ ಇದೊಂದನ್ನು ಹೇಳಿದ್ದರೆ ಪಂಪ್ ಹುಬ್ಬಳ್ಳಿಯ ಹಾದಿ ಹಿಡಿಯುತ್ತಿರಲಿಲ್ಲ.

ಟ್ಯಾಂಕಿನ ತಳದ ಕಸವೂ ಗಾಳಿತೂತಿನ ಹಾಗೇ ಮೋಸ ಮಾಡುತ್ತದೆ. ಒಂದು ಕಡ್ಡಿ, ಒಂದು ಬಟ್ಟೆಯ ಎಳೆ, ತುಕ್ಕಿನ ಪದರ ಕಾಕಿನ ಬಾಯಿಗೆ ಬಂದು ಕೂರುತ್ತದೆ. ಇಂಜಿನ್ ನಿಂತ ಮೇಲೆ ಎಳೆತ ಇಲ್ಲದೆ ತೇಲಿ ದೂರ ಹೋಗುತ್ತದೆ. ಕಾಕ್ ಪೈಪ್ ಬಿಚ್ಚಿ ಡೀಸೆಲ್ ಬಿಟ್ಟು ನೋಡಿ. ಧಾರೆ ಒಂದೇ ಸಮ ಬೀಳಬೇಕು. ಮೊದಲು ಜೋರಾಗಿ ಬಿದ್ದು ಆಮೇಲೆ ಸಣ್ಣಗಾದರೆ ಮುಚ್ಚಳ ತೆಗೆದು ನೋಡಿ. ಮುಚ್ಚಳ ತೆಗೆದಾಗ ಧಾರೆ ದಪ್ಪವಾದರೆ ತೂತು ಕಟ್ಟಿದೆ. ಆಗಲೂ ಸಣ್ಣದೇ ಇದ್ದರೆ ಟ್ಯಾಂಕ್ ತೊಳೆಯಬೇಕು.

ಏರ್ ಎಲ್ಲಿಂದ ಬರುತ್ತದೆ

ಡೀಸೆಲ್ಲನ್ನು ಒತ್ತಿದರೆ ಒತ್ತಡ ಹಾಗೇ ಮುಂದಕ್ಕೆ ಹೋಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಸುಮ್ನೆ ಕುಗ್ಗುತ್ತದೆ. ಮುಖ್ಯ ಪಂಪಿನೊಳಗೆ ಒಂದು ಗುಳ್ಳೆ ಸೇರಿದರೆ ಪಂಪ್ ಆ ಗುಳ್ಳೆಯನ್ನೇ ಒತ್ತುತ್ತಾ ಕೂರುತ್ತದೆ, ನೋಜಲ್ ಬಾಯಿ ತೆರೆಯುವುದಿಲ್ಲ. ಡೀಸೆಲ್ ಪೂರ್ತಿ ಖಾಲಿಯಾಗಿ ನಿಂತ ಟ್ರ್ಯಾಕ್ಟರ್ ಡೀಸೆಲ್ ಹಾಕಿದ ಕೂಡಲೇ ಚಾಲೂ ಆಗದಿರುವುದು ಇದಕ್ಕೇ.

ಒಮ್ಮೆ ಏರ್ ತೆಗೆದ ಮೇಲೆ ಮತ್ತೆ ಏರ್ ಬಂದರೆ ಎಲ್ಲೋ ಸಂದು ಇದೆ ಎಂದೇ ಅರ್ಥ. ದಿನಾ ಬೆಳಿಗ್ಗೆ ಏರ್ ತೆಗೆದು ಓಡಿಸುವ ಡ್ರೈವರುಗಳು ನಮ್ಮ ಕಡೆ ಬಹಳ ಇದ್ದಾರೆ. ದಯವಿಟ್ಟು ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಸಂದು ಹುಡುಕಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ಲನ್ನು ಎಳೆಯುವ ಕಡೆ. ಅಲ್ಲಿ ಸಂದು ಇದ್ದರೆ ಓಡುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಟ್ಯಾಂಕ್ ಎತ್ತರದಲ್ಲಿದ್ದರೆ ರಾತ್ರಿ ನಿಲ್ಲಿಸಿದಾಗ ಅದೇ ಜಾಗದಲ್ಲಿ ಹನಿ ಕೂರುತ್ತದೆ. ಸಂಜೆ ಎಲ್ಲ ಜೋಡಣೆ ಒರೆಸಿ ಒಣ ಮಾಡಿ, ಬೆಳಿಗ್ಗೆ ಬೆರಳಾಡಿಸಿ ನೋಡಿ. ಒದ್ದೆ ಇರುವ ಕಡೆಯೇ ಕಳ್ಳ.

ನನಗೆ ಸಿಕ್ಕ ಸಂದುಗಳಲ್ಲಿ ಹೆಚ್ಚಿನವು ಮೂರು ಕಡೆ. ಕ್ಲಿಪ್ ಬದಲು ತಂತಿ ಸುತ್ತಿದ ರಬ್ಬರ್ ಪೈಪ್. ಪೈಪ್ ಜೋಡಿಸುವ, ಒಳಗೆ ಡೀಸೆಲ್ ಹರಿಯಲು ತೂತಿರುವ ಬೋಲ್ಟಿನ ಎರಡೂ ಬದಿ ಬರುವ ವಾಷರ್, ಹಳೆಯದನ್ನೇ ಮತ್ತೆ ಮತ್ತೆ ಹಾಕಿದ್ದು. ಮತ್ತೆ ಫಿಲ್ಟರಿನ ರಬ್ಬರ್ ರಿಂಗ್. ಈ ಮೂರನೆಯದನ್ನು ಬಿಡಿಸಿ ಹೇಳಬೇಕು. ಹಳೆಯ ಫಿಲ್ಟರ್ ತೆಗೆದಾಗ ಅದರ ರಿಂಗ್ ಮೇಲಿನ ತಲೆಗೇ ಅಂಟಿಕೊಂಡು ಉಳಿಯುತ್ತದೆ. ನೋಡದೆ ಹೊಸ ರಿಂಗ್ ಹಾಕಿ ಬಿಗಿದರೆ ಒಂದರ ಮೇಲೊಂದು ಎರಡು ರಿಂಗ್ ಆಗುತ್ತವೆ. ಎಷ್ಟು ಬಿಗಿದರೂ ಏರ್ ನಿಲ್ಲುವುದಿಲ್ಲ, ಬೋಲ್ಟ್ ಹಲ್ಲು ಹೋಗುತ್ತದೆ ಅಷ್ಟೇ. ಹೊಸ ಫಿಲ್ಟರ್ ಹಾಕುವ ಮುಂಚೆ ತಲೆಯ ಒಳಗೆ ಬೆರಳು ಸುತ್ತಾಡಿಸಿ ನೋಡಿ.

ಅನುಮಾನ ಇದ್ದರೆ ಫೀಡ್ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ಇಂಜಿನ್ ಓಡಿಸಿ. ಗುಳ್ಳೆ ಬರುತ್ತಿದ್ದರೆ ಕಣ್ಣಿಗೇ ಕಾಣುತ್ತದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆಯಿರಿ, ಡೀಸೆಲ್ಲಿಗೆ ಆ ಪೈಪ್ ಬೇಗ ಗಟ್ಟಿಯಾಗಿ ಬಿರಿಯುತ್ತದೆ.

ಏರ್ ತೆಗೆಯುವ ಕ್ರಮ

ಟ್ಯಾಂಕ್ ಕನಿಷ್ಠ ಅರ್ಧ ತುಂಬಿರಲಿ. ಕಾಕ್ ತೆರೆಯಿರಿ. ಸುತ್ತಲಿನ ಮಣ್ಣು ಒರೆಸದೆ ಯಾವ ಸ್ಕ್ರೂ ಸಡಿಲಿಸಬೇಡಿ. ಮೊದಲನೆಯ ಫಿಲ್ಟರಿನ ಮೇಲಿನ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಫೀಡ್ ಪಂಪಿನ ಕೈ ಲಿವರ್ ಹೊಡೆಯಿರಿ. ಮೊದಲು ನೊರೆ ಬರುತ್ತದೆ. ನೊರೆ ನಿಂತು ಗುಳ್ಳೆ ಇಲ್ಲದ ಡೀಸೆಲ್ ಬಂದ ಮೇಲೆ, ಲಿವರ್ ಹೊಡೆಯುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಆಮೇಲೆ ಎರಡನೆಯ ಫಿಲ್ಟರ್, ಆಮೇಲೆ ಮುಖ್ಯ ಪಂಪಿನ ಸ್ಕ್ರೂ. ಈ ಕ್ರಮ ತಪ್ಪಿಸಿದರೆ ಹಿಂದಿನ ಗಾಳಿ ಮತ್ತೆ ಮುಂದಕ್ಕೆ ಬರುತ್ತದೆ.

ಕೆಲವೊಮ್ಮೆ ಲಿವರ್ ಸಡಿಲವಾಗಿ ಆಡುತ್ತದೆ, ಒತ್ತಡವೇ ಸಿಗುವುದಿಲ್ಲ. ಫೀಡ್ ಪಂಪ್ ಕೆಟ್ಟಿದೆ ಎಂದು ಗಾಬರಿ ಬೇಡ. ಒಳಗಿನ ಕ್ಯಾಮ್ ಅದನ್ನು ಎತ್ತಿ ಹಿಡಿದಿರಬಹುದು. ಸೆಲ್ಫ್ ಒಂದು ಕ್ಷಣ ತಾಕಿಸಿ ಇಂಜಿನ್ ಸ್ವಲ್ಪ ತಿರುಗಿಸಿ ಮತ್ತೆ ಹೊಡೆದು ನೋಡಿ.

ಇಷ್ಟಾದರೂ ಚಾಲೂ ಆಗದಿದ್ದರೆ ನೋಜಲ್ ಮೇಲಿನ ಪೈಪಿನ ನಟ್ ಒಂದು ಸುತ್ತು ಸಡಿಲಿಸಿ, ರೇಸ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆಯಿರಿ. ಡೀಸೆಲ್ ಚಿಮ್ಮಿದ ಮೇಲೆ ಬಿಗಿಯಿರಿ. ಸೆಲ್ಫ್ ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ಅರ್ಧ ನಿಮಿಷ ಬಿಡುವು ಕೊಡಿ. ಇಲ್ಲದಿದ್ದರೆ ಡೀಸೆಲ್ ತೊಂದರೆ ಜೊತೆ ಸೆಲ್ಫ್ ತೊಂದರೆಯೂ ಸೇರಿಕೊಳ್ಳುತ್ತದೆ.

ನೀರು

ಬಟ್ಟಲಿನ ಕೆಳಗಿನ ಸ್ಕ್ರೂ ಬಿಚ್ಚಿ, ಬಂದದ್ದನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಹತ್ತು ನಿಮಿಷ ಅಲುಗಾಡಿಸದೆ ಬಿಡಿ. ನೀರು ಡೀಸೆಲ್ಲಿಗಿಂತ ಭಾರ. ಕೆಳಗೆ ಬೇರೆ ಪದರ ಕೂತರೆ ಗೆರೆ ಎದ್ದು ಕಾಣುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಕಪ್ಪು ಲೋಳೆ ಇದ್ದರೆ ನೀರು ಬಹಳ ದಿನದಿಂದ ನಿಂತಿದೆ, ಅದರಲ್ಲಿ ಪಾಚಿಯ ಥರ ಬೆಳೆದಿದೆ. ಆ ಲೋಳೆ ಹೊಸ ಫಿಲ್ಟರನ್ನೂ ಬೇಗ ಕಟ್ಟುತ್ತದೆ. ಟ್ಯಾಂಕ್ ಬಿಚ್ಚಿ ತೊಳೆಯದೆ ಬೇರೆ ದಾರಿ ಇಲ್ಲ.

ನೀರು ಹೇಗೆ ಬರುತ್ತದೆ? ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿ ತಂಪಿಗೆ ಗಾಳಿಯ ತೇವ ಹನಿಯಾಗಿ ಇಳಿಯುತ್ತದೆ. ಮಳೆಯಲ್ಲಿ ನೆನೆದ ಬ್ಯಾರಲ್ಲಿನ ಬಾಯಿಂದ ಬರುತ್ತದೆ. ನಮ್ಮ ಕಡೆ ದೂರದ ಹೊಲಗಳಿಗೆ ಡೀಸೆಲ್ಲನ್ನು ಕ್ಯಾನಿನಲ್ಲೇ ಒಯ್ಯಬೇಕು, ಅದನ್ನು ತಪ್ಪಿಸಲು ಆಗುವುದಿಲ್ಲ. ಆದರೆ ಕ್ಯಾನನ್ನು ಒಂದು ರಾತ್ರಿ ಅಲುಗದೆ ಇಟ್ಟು, ತಳದ ನಾಲ್ಕು ಬೆರಳು ಡೀಸೆಲ್ ಬಿಟ್ಟು ಮೇಲಿನದನ್ನು ಮಾತ್ರ ಹಾಕಬಹುದು. ಕ್ಯಾನಿನ ಬಾಯಿಗೆ ಹಳೆಯ ಧೋತರದ ತುಂಡು ಕಟ್ಟಿ ಸೋಸಿದರೆ ನೀರು ನಿಲ್ಲುವುದಿಲ್ಲ, ಅದರ ಎಳೆಗಳು ಬೇರೆ ಒಳಗೆ ಹೋಗುತ್ತವೆ. ಸಣ್ಣ ಜಾಳಿಗೆಯ ಲಾಳಿಕೆ ಇಟ್ಟುಕೊಳ್ಳಿ. ಸತು ಲೇಪದ ತಗಡಿನ ಡಬ್ಬದಲ್ಲಿ ಡೀಸೆಲ್ ದಿನಗಟ್ಟಲೆ ಇಡಬೇಡಿ. ಸತು ಡೀಸೆಲ್ಲಿನ ಜೊತೆ ಸೇರಿ ಜಿಗುಟಾಗಿ ಫಿಲ್ಟರಿಗೂ ಪಂಪಿಗೂ ತೊಂದರೆ ಕೊಡುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿ ನಿಲ್ಲಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಸೀಮೆಎಣ್ಣೆ ಬೆರೆಸುವವರಿಗೆ ಒಂದು ಮಾತು. ಮುಖ್ಯ ಪಂಪಿನೊಳಗಿನ ಉಕ್ಕಿನ ಕಡ್ಡಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ 2ರಿಂದ 4 ಭಾಗ ಮಾತ್ರ. ತಲೆಕೂದಲಿನ ದಪ್ಪ ಅದಕ್ಕಿಂತ ಎಷ್ಟೋ ಪಟ್ಟು. ಅಲ್ಲಿ ಎಣ್ಣೆಯ ಕೆಲಸ ಮಾಡುವುದೂ ಡೀಸೆಲ್ಲೇ. ಸೀಮೆಎಣ್ಣೆಗೆ, ನೀರಿಗೆ ಆ ಜಿಡ್ಡು ಇಲ್ಲ. ಅದಕ್ಕೇ ಫಿಲ್ಟರ್ ವಿಷಯದಲ್ಲಿ ನೂರಿನ್ನೂರು ರೂಪಾಯಿ ಉಳಿಸಲು ಹೋಗಬೇಡಿ. ಎಷ್ಟು ತಾಸಿಗೆ ಬದಲಿಸಬೇಕು ಎಂದು ಟ್ರ್ಯಾಕ್ಟರ್ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ನಮ್ಮ ಧೂಳಿನಲ್ಲಿ ನಾನು ಅದಕ್ಕಿಂತ ಸ್ವಲ್ಪ ಮುಂಚೆಯೇ ಬದಲಿಸುತ್ತೇನೆ.

ಯಾವ ಸಿಲಿಂಡರ್ ಸುಮ್ಮನಿದೆ

ಇಂಜಿನ್ ಓಡುತ್ತದೆ, ಆದರೆ ಒಂದು ಕಾಲು ಕುಂಟುತ್ತಿದೆ ಅನ್ನಿ. ನಿಧಾನ ಓಡುತ್ತಿರುವಾಗ ಒಂದೊಂದೇ ನೋಜಲಿನ ಪೈಪ್ ನಟ್ ಸಡಿಲಿಸಿ, ದನಿ ಕೇಳಿ, ಮತ್ತೆ ಬಿಗಿಯಿರಿ. ಚೆನ್ನಾಗಿರುವ ಸಿಲಿಂಡರಿನ ನಟ್ ಸಡಿಲಿಸಿದರೆ ಇಂಜಿನ್ ಕುಸಿಯುತ್ತದೆ. ಯಾವುದನ್ನು ಸಡಿಲಿಸಿದರೂ ದನಿ ಬದಲಾಗುವುದಿಲ್ಲವೋ ಅದೇ ಕೆಲಸ ಮಾಡದ್ದು. ಆ ನೋಜಲ್ಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ತೊಂದರೆ ನೋಜಲ್ ಜೊತೆಗೇ ಹೋದರೆ ನೋಜಲ್ ಕೆಟ್ಟಿದೆ. ಹಳೆಯ ಜಾಗದಲ್ಲೇ ಉಳಿದರೆ ಪಂಪ್ ಅಥವಾ ಕಂಪ್ರೆಷನ್. ನೋಜಲ್ ತೆಗೆದಾಗಲೆಲ್ಲ ಕೆಳಗಿನ ತಾಮ್ರದ ವಾಷರ್ ಹೊಸದು ಹಾಕಿ. ಹಳೆಯದು ಗೂಡಿನಲ್ಲೇ ಉಳಿದಿದೆಯಾ ನೋಡಿ ತೆಗೆಯಿರಿ.

ಇಲ್ಲಿ ಬಹಳ ಎಚ್ಚರ ಬೇಕು. ನೋಜಲ್ ಬಾಯಿ ತೆರೆಯಲು ಬೇಕಾದ ಒತ್ತಡ ಸುಮಾರು 200 ಬಾರ್. ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಗಾಳಿ ಸುಮಾರು 1 ಬಾರ್. ಆ ಲೆಕ್ಕ ಹಾಕಿ. ನೋಜಲ್ ಹೊರಗೆ ತೆಗೆದು ಸಿಂಪಡಿಕೆ ನೋಡುವಾಗ ಕೈ ಅಡ್ಡ ಇಡಲೇಬೇಡಿ. ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಮೊದಲು ಕಡಿಮೆ. ಒಳಗೆ ಮಾಂಸ ಕೊಳೆಯುತ್ತದೆ, ಬೆರಳು ತೆಗೆಯಬೇಕಾಗಬಹುದು. ಹಾಗೆ ಆದರೆ ಅರಿಶಿನ ಹಚ್ಚಿ ಕೂರಬೇಡಿ. ಅದೇ ತಾಸಿನಲ್ಲಿ ಗದಗದ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆಗೋ ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆಗೋ, ಹತ್ತಿರ ಯಾವ ದೊಡ್ಡ ಆಸ್ಪತ್ರೆ ಇದೆಯೋ ಅಲ್ಲಿಗೆ ಹೋಗಿ, "ಪಂಪಿನ ಒತ್ತಡಕ್ಕೆ ಡೀಸೆಲ್ ಒಳಗೆ ಹೋಗಿದೆ" ಎಂದು ಬಿಡಿಸಿ ಹೇಳಿ.

ಇನ್ನೊಂದು. 50 ಎಚ್‌ಪಿಗಿಂತ ದೊಡ್ಡ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದೆ. ಅವುಗಳಲ್ಲಿ ಕಾಮನ್ ರೈಲ್ (ಎಲ್ಲ ನೋಜಲ್ಲಿಗೂ ಒಂದೇ ಪೈಪಿನಲ್ಲಿ ಒತ್ತಡದ ಡೀಸೆಲ್ ತುಂಬಿಟ್ಟಿರುವ ವ್ಯವಸ್ಥೆ) ಇದ್ದರೆ ಪೈಪಿನೊಳಗೆ 1000 ಬಾರ್ ದಾಟಿದ ಒತ್ತಡ ಇರುತ್ತದೆ. ಅಲ್ಲಿ ನಟ್ ಸಡಿಲಿಸುವ ಈ ಪರೀಕ್ಷೆ ಮಾಡಲೇಬಾರದು. ಟ್ಯಾಂಕ್, ಮುಚ್ಚಳ, ಬಟ್ಟಲಿನ ನೀರು ಇಷ್ಟು ನೋಡಿ, ಮುಂದಿನದನ್ನು ಕಂಪ್ಯೂಟರ್ ಹಚ್ಚುವವರಿಗೆ ಬಿಡಿ.

ಪಂಪ್ ನಿಜವಾಗಿ ಕೆಟ್ಟಾಗ

ಫಿಲ್ಟರ್ ಹೊಸದು, ಫೀಡ್ ಪಂಪಿನಿಂದ ಡೀಸೆಲ್ ಜೋರಾಗಿ ಚಿಮ್ಮುತ್ತಿದೆ, ಏರ್ ಇಲ್ಲ, ನೋಜಲ್ ಪರೀಕ್ಷೆ ಆಗಿದೆ. ಆದರೂ ಲೋಡ್ ಎಳೆಯುವುದಿಲ್ಲ. ಆಗ ಪಂಪಿನ ರಿಟರ್ನ್ ವಾಲ್ವ್ ಒಮ್ಮೆ ಬಿಚ್ಚಿ ನೋಡಿ. ಒಳಗಿನ ಸ್ಪ್ರಿಂಗ್ ಮುರಿದರೆ ಡೀಸೆಲ್ ಪಂಪಿನಲ್ಲಿ ನಿಲ್ಲದೆ ವಾಪಸ್ ಹರಿದುಹೋಗುತ್ತದೆ. ಅದು ಸಣ್ಣ ಸಾಮಾನು. ಇಂಜಿನ್ ಆಯಿಲ್ ಕಡ್ಡಿಯನ್ನೂ ಎಳೆದು ನೋಡಿ. ಆಯಿಲ್ ಗೆರೆಗಿಂತ ಮೇಲೆ ಏರಿದೆ, ತೆಳ್ಳಗಾಗಿದೆ, ಡೀಸೆಲ್ ವಾಸನೆ ಬರುತ್ತಿದೆ ಅಂದರೆ ಪಂಪಿನಿಂದಲೋ ಫೀಡ್ ಪಂಪಿನಿಂದಲೋ ಡೀಸೆಲ್ ಇಂಜಿನ್ನಿಗೆ ಇಳಿಯುತ್ತಿದೆ. ಆ ಸ್ಥಿತಿಯಲ್ಲಿ ಒಂದು ಸುತ್ತೂ ಓಡಿಸಬೇಡಿ. ಬೇರಿಂಗ್ ಹೋದರೆ ಇಂಜಿನ್ನೇ ಇಳಿಸಬೇಕಾಗುತ್ತದೆ.

ಪಂಪ್ ಬಿಚ್ಚುವ ಮುಂಚೆ ಪಂಪಿನ ಮೇಲೂ ಇಂಜಿನ್ ಮೇಲೂ ಇರುವ ಟೈಮಿಂಗ್ ಗುರುತನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬಿಚ್ಚಿದ ಪ್ರತಿ ಬಾಯಿಗೂ ಮುಚ್ಚಳ ಹಾಕಿ, ಇಲ್ಲದಿದ್ದರೆ ತೊಳೆದ ಪ್ಲಾಸ್ಟಿಕ್ ಕಟ್ಟಿ. ಹತ್ತಿ ತುರುಕಬೇಡಿ. ಅಂಗಡಿಯಲ್ಲಿ ಪರೀಕ್ಷೆ ಮೇಜಿನ ಮೇಲೆ ಹಾಕಿ ಪ್ರತಿ ಸಿಲಿಂಡರಿಗೆ ಎಷ್ಟು ಡೀಸೆಲ್ ಬೀಳುತ್ತಿದೆ ಎಂದು ಅಳೆಯುತ್ತಾರೆ. ಸಾಧ್ಯವಾದರೆ ಎದುರಿಗೇ ನಿಂತು ನೋಡಿ. ರಿಪೇರಿ ಮುಂಚಿನ ಅಳತೆ, ಆಮೇಲಿನ ಅಳತೆ ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. "ಸ್ವಲ್ಪ ಡೀಸೆಲ್ ಜಾಸ್ತಿ ಬಿಡ್ರಿ, ಛಲೋ ಎಳೀತೈತಿ" ಎಂದು ಕೇಳುವವರು ಇದ್ದಾರೆ. ಕೇಳಬೇಡಿ. ಜಾಸ್ತಿ ಬಿಟ್ಟ ಡೀಸೆಲ್ ಕಪ್ಪು ಹೊಗೆಯಾಗಿ ಹೋಗುತ್ತದೆ, ಪಿಸ್ಟನ್ ಸುಡುತ್ತದೆ. ಕಂಪನಿ ಹೇಳಿದ ಅಳತೆಗೇ ಹೊಂದಿಸಿ, ಸೀಲ್ ಹಾಕಿಸಿಕೊಂಡು ಬನ್ನಿ.